ಶವ, ದುಡಿ, ಘಟ: ಮೂರು ಸ್ವರ್ಣಕಮಲ ಚಿತ್ರಗಳ ಆಚರಣಾಲೋಕ

ರಾಷ್ಟ್ರದ ಅತ್ಯುತ್ತಮ ಕಥಾಚಿತ್ರವೆಂಬ ಮನ್ನಣೆ ಕನ್ನಡಕ್ಕೆ ಮೊದಲ ಸಲ ದೊರೆತದ್ದು 1970ರ ‘ಸಂಸ್ಕಾರ’ದ ಮೂಲಕ. ಅದಾದ ಐದು ವರ್ಷಕ್ಕೆ ‘ಚೋಮನ ದುಡಿ’ಗೂ (1975), ಮತ್ತೆರಡು ವರ್ಷಕ್ಕೆ ‘ಘಟಶ್ರಾದ್ಧ’ಕ್ಕೂ (1977) ಅದೇ ಗೌರವ ಸಂದಿತು. ಮುಂದೆ ‘ತಬರನ ಕಥೆ’ (1986), ‘ತಾಯಿಸಾಹೇಬ’ (1997), ‘ದ್ವೀಪ’ (2001) ಚಿತ್ರಗಳು ಈ ಸಾಲನ್ನು ಬೆಳೆಸಿದವು. ಮೊದಲ ಮೂರು ಚಿತ್ರಗಳನ್ನು ಕನ್ನಡ ಚಲನಚಿತ್ರದ ಚರಿತ್ರೆಯನ್ನು ಬರೆದವರು ‘ಹೊಸ ಅಲೆ’ಯ ಹೆಸರಿನಲ್ಲಿ ಸಾಕಷ್ಟು ವಿವೇಚಿಸಿದ್ದಾರೆ. ನವ್ಯ ಸಾಹಿತ್ಯದ ಪ್ರೇರಣೆ, ಹವ್ಯಾಸಿ ರಂಗಭೂಮಿಯ ನಂಟು, 1971ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ‘ಸುಚಿತ್ರಾ’ದಂತಹ ಫಿಲ್ಮ್ ಸೊಸೈಟಿಗಳು ಬೆಳೆಸಿದ ಅಭಿರುಚಿ ಇವೆಲ್ಲ ಚರ್ಚೆಗೆ ಒಳಗಾಗಿವೆ.

ಜಾನಪದ ಅಧ್ಯಯನದಲ್ಲಿ ತೊಡಗಿರುವ ನನಗೆ ಮೊದಲು ಕಾಣುವ ಸಂಗತಿ ಬೇರೆ. ಈ ಮೂರೂ ಚಿತ್ರಗಳ ಶೀರ್ಷಿಕೆಗಳು ಆಚರಣೆಯ ಲೋಕದಿಂದ ಬಂದವು. ಸಂಸ್ಕಾರವೆಂದರೆ ಇಲ್ಲಿ ಮುಖ್ಯವಾಗಿ ಶವಸಂಸ್ಕಾರ. ದುಡಿ ಒಂದು ಚರ್ಮವಾದ್ಯ. ಘಟಶ್ರಾದ್ಧ ಬದುಕಿರುವ ವ್ಯಕ್ತಿಯನ್ನು ಸತ್ತವರ ಲೆಕ್ಕಕ್ಕೆ ಸೇರಿಸುವ ಕ್ರಿಯೆ. ಮೂರೂ ಕಥೆಗಳು ಸಾವಿನ ಸುತ್ತ ನಡೆಯುತ್ತವೆ. ಮೂರರಲ್ಲಿಯೂ ಯಾರು ಯಾರನ್ನು ಮುಟ್ಟಬಹುದು ಎಂಬ ಪ್ರಶ್ನೆಯೇ ಕಥೆಯನ್ನು ನಡೆಸುತ್ತದೆ. ಪ್ರಶಸ್ತಿ ಪಡೆದ ಹಳೆಯ ಚಿತ್ರಗಳಲ್ಲಿ ನನಗೆ ಅತ್ಯಂತ ಪ್ರಿಯವಾದವು ಇವು. ಆ ಪ್ರೀತಿಗೆ ಕಾರಣವೇನು, ಅದರೊಳಗೆ ಸೇರಿಕೊಂಡಿರುವ ಅಳುಕೇನು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಕಣ್ಣಪ್ಪನಿಂದ ನಾರಣಪ್ಪನವರೆಗೆ

ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳು 1954ರಲ್ಲಿ ಆರಂಭವಾದವು. ಅದೇ ವರ್ಷ ತೆರೆಕಂಡ, ಎಚ್.ಎಲ್.ಎನ್. ಸಿಂಹ ಅವರ ನಿರ್ದೇಶನದ ‘ಬೇಡರ ಕಣ್ಣಪ್ಪ’ಕ್ಕೆ ಕನ್ನಡದ ಚಿತ್ರವೆಂಬ ನೆಲೆಯಲ್ಲಿ ಅರ್ಹತಾಪತ್ರ ದೊರೆಯಿತು. ರಾಜ್‌ಕುಮಾರ್ ನಾಯಕರಾಗಿ ಕಾಣಿಸಿಕೊಂಡ ಮೊದಲ ಚಿತ್ರವದು. ಕಣ್ಣಪ್ಪನ ಕಥೆ ದಕ್ಷಿಣ ಭಾರತದ ಭಕ್ತಿಪರಂಪರೆಯಲ್ಲಿ ಬಹು ಹಳೆಯದು. ಬೇಟೆಗಾರನೊಬ್ಬ ಶಿವನಿಗೆ ಮಾಂಸವನ್ನು ನೈವೇದ್ಯ ಮಾಡುತ್ತಾನೆ, ಬಾಯಲ್ಲಿ ತಂದ ನೀರಿನಿಂದ ಅಭಿಷೇಕ ಮಾಡುತ್ತಾನೆ, ಕಡೆಗೆ ತನ್ನ ಕಣ್ಣನ್ನೇ ಕಿತ್ತು ಲಿಂಗಕ್ಕೆ ಇಡುತ್ತಾನೆ. ಮಡಿ ಮೈಲಿಗೆಗಳ ಪ್ರಶ್ನೆ ಈ ಐತಿಹ್ಯದ ಒಡಲಲ್ಲಿಯೇ ಇದೆ. ಆದರೆ ಅದಕ್ಕೆ ಉತ್ತರ ಹೇಳುವವನು ದೇವರು. ಪವಾಡ ನಡೆದೊಡನೆ ಮೈಲಿಗೆ ಕರಗುತ್ತದೆ, ಊರು ಕೈಮುಗಿಯುತ್ತದೆ.

ಹದಿನಾರು ವರ್ಷಗಳ ಅನಂತರ ಬಂದ ‘ಸಂಸ್ಕಾರ’ದಲ್ಲಿ ಪವಾಡಕ್ಕೆ ಎಡೆಯಿಲ್ಲ. ಪ್ರಾಣೇಶಾಚಾರ್ಯರು ಮಾರುತಿಯ ಗುಡಿಯಲ್ಲಿ ಹೂವಿನ ಪ್ರಸಾದಕ್ಕಾಗಿ ಕಾದು ಕುಳಿತರೂ ದೇವರು ಎಡಕ್ಕೂ ಬಲಕ್ಕೂ ಹೂವು ಕೊಡುವುದಿಲ್ಲ. ಪ್ರಸಾದ ಕೇಳುವುದು ನಾಡಿನ ಉದ್ದಗಲಕ್ಕೂ ಇಂದಿಗೂ ರೂಢಿಯಲ್ಲಿರುವ ಪದ್ಧತಿ. ಮದುವೆಗೆ, ಬಾವಿ ತೋಡುವುದಕ್ಕೆ, ರೋಗಕ್ಕೆ ಜನ ಹೂವು ಕೇಳುತ್ತಾರೆ. ಒಂದಲ್ಲ ಒಂದು ಉತ್ತರ ಸಿಗುತ್ತದೆಂಬುದೇ ಆ ಪದ್ಧತಿಯ ಆಧಾರ. ಉತ್ತರವೇ ಬಾರದ ಗುಡಿಯನ್ನು ಕಥೆಯ ನಡುವೆ ಇಟ್ಟದ್ದು ಕನ್ನಡ ಚಿತ್ರದ ಚರಿತ್ರೆಯಲ್ಲಿ ದೊಡ್ಡ ತಿರುವು. ಪೌರಾಣಿಕದಿಂದ ಸಾಮಾಜಿಕಕ್ಕೆ ಬಂದ ಬದಲಾವಣೆಯೆಂದು ಇದನ್ನು ಸಾಮಾನ್ಯವಾಗಿ ವರ್ಣಿಸುತ್ತಾರೆ. ಹೊಣೆ ದೇವರಿಂದ ಮನುಷ್ಯನಿಗೆ ಬಂದದ್ದೆಂದು ಹೇಳುವುದು ಹೆಚ್ಚು ಸರಿಯೆಂದು ನನ್ನ ಭಾವನೆ.

ಸಂಸ್ಕಾರ: ಮುಟ್ಟದ ಶವ

ಯು.ಆರ್. ಅನಂತಮೂರ್ತಿಯವರ ಕಾದಂಬರಿ 1965ರಲ್ಲಿ ಪ್ರಕಟವಾಯಿತು. ಪಟ್ಟಾಭಿರಾಮ ರೆಡ್ಡಿ ನಿರ್ದೇಶಿಸಿದ ಚಿತ್ರಕ್ಕೆ ಗಿರೀಶ ಕಾರ್ನಾಡರು ಚಿತ್ರಕಥೆ ಬರೆದರು, ಪ್ರಾಣೇಶಾಚಾರ್ಯರ ಪಾತ್ರವನ್ನೂ ವಹಿಸಿದರು. ಪಿ. ಲಂಕೇಶರು ನಾರಣಪ್ಪನಾಗಿಯೂ, ಸ್ನೇಹಲತಾ ರೆಡ್ಡಿಯವರು ಚಂದ್ರಿಯಾಗಿಯೂ ಅಭಿನಯಿಸಿದರು. ಆಸ್ಟ್ರೇಲಿಯದ ಟಾಮ್ ಕೋವನ್ ಛಾಯಾಗ್ರಹಣ ಮಾಡಿದರು. ಸರೋದ್ ವಾದಕ ರಾಜೀವ ತಾರಾನಾಥರು ಸಂಗೀತ ನೀಡಿದರು. ಶೃಂಗೇರಿಯ ಸಮೀಪದ ವೈಕುಂಠಪುರದಲ್ಲಿ ಚಿತ್ರೀಕರಣ ನಡೆಯಿತು. ಮದರಾಸಿನ ಸೆನ್ಸಾರ್ ಮಂಡಲಿ ಚಿತ್ರಕ್ಕೆ ಮೊದಲು ಅನುಮತಿ ನಿರಾಕರಿಸಿತು. ತಡೆ ತೆರವಾದ ಮೇಲೆ ಅದೇ ಚಿತ್ರ ರಾಷ್ಟ್ರದ ಅತ್ಯುತ್ತಮ ಚಿತ್ರವೆನಿಸಿತು.

ಅಗ್ರಹಾರದಲ್ಲಿ ಒಂದು ಹೆಣ ಬಿದ್ದಿದೆ. ಅದನ್ನು ಎತ್ತುವವರೆಗೆ ಊಟವಿಲ್ಲ, ಪೂಜೆಯಿಲ್ಲ. ನಾರಣಪ್ಪ ಬದುಕಿದ್ದಾಗ ಬ್ರಾಹ್ಮಣ್ಯವನ್ನು ಬಿಟ್ಟವನು. ಆದರೆ ಬ್ರಾಹ್ಮಣ್ಯ ಅವನನ್ನು ವಿಧಿಪೂರ್ವಕವಾಗಿ ಬಿಟ್ಟಿರಲಿಲ್ಲ. ಬಹಿಷ್ಕಾರ ಹಾಕಿರದ ಕಾರಣ ಅವನ ಶವ ಇನ್ನೂ ಅಗ್ರಹಾರಕ್ಕೆ ಸೇರಿದ್ದು. ಮುಟ್ಟಿದವರಿಗೆ ಮೈಲಿಗೆ, ಮುಟ್ಟದಿದ್ದರೆ ಎಲ್ಲರಿಗೂ ಸೂತಕ. ಕಾದಂಬರಿಯಲ್ಲಿ ಹದ್ದುಗಳು ಮನೆಗಳ ಮೇಲೆ ಬಂದು ಕುಳಿತಾಗ ಬ್ರಾಹ್ಮಣರು ಜಾಗಟೆ ಶಂಖಗಳನ್ನು ತಂದು ಸದ್ದು ಮಾಡಿ ಅವನ್ನು ಓಡಿಸುತ್ತಾರೆ. ಪೂಜೆಗೆ ಮೀಸಲಾದ ವಾದ್ಯಗಳು ಹದ್ದು ಓಡಿಸುವ ಸಾಧನಗಳಾಗುತ್ತವೆ. ಆಚರಣೆಯಿಂದ ಅರ್ಥ ಸೋರಿಹೋದಾಗ ಅದರ ಪರಿಕರಗಳಿಗೆ ಏನಾಗುತ್ತದೆಂಬುದನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಸಂದರ್ಭ ನಮ್ಮ ಸಾಹಿತ್ಯದಲ್ಲಿ ಹೆಚ್ಚಿಲ್ಲ.

ಕೊನೆಗೆ ಆ ಶವವನ್ನು ಸುಟ್ಟವರಾರು? ಆಚಾರ್ಯರು ಗ್ರಂಥಗಳನ್ನು ತಿರುವುತ್ತಿರುವಾಗ ಹೊರಗಿನವಳಾದ ಚಂದ್ರಿ, ಮೀನಿನ ವ್ಯಾಪಾರಿ ಅಹಮದ್ ಬ್ಯಾರಿಯ ನೆರವಿನಿಂದ ರಾತ್ರಿಯಲ್ಲಿ ಗುಟ್ಟಾಗಿ ದಹನ ಮಾಡಿ ಊರು ಬಿಡುತ್ತಾಳೆ. ಮಂತ್ರವಿಲ್ಲದೆ ಸಂಸ್ಕಾರ ಮುಗಿದಿದೆ. ಮಂತ್ರ ಬಲ್ಲವರಿಗೆ ಅದು ಗೊತ್ತೇ ಇಲ್ಲ. ಶಾಸ್ತ್ರದ ಹೊರಗಿರುವವರು ಮಾನವೀಯ ಕರ್ಮವನ್ನು ಪೂರೈಸುವ ಈ ವಿನ್ಯಾಸ ಜನಪದ ಕಥೆಗಳ ಓದುಗರಿಗೆ ಅಪರಿಚಿತವಲ್ಲ. ಕಥೆಯ ಉತ್ತರಾರ್ಧದಲ್ಲಿ ಆಚಾರ್ಯರು ಪುಟ್ಟನೊಡನೆ ಜಾತ್ರೆಗೆ ಹೋಗಿ ಜನಜಂಗುಳಿಯಲ್ಲಿ ದಿಕ್ಕು ತಪ್ಪುವುದೂ ಗಮನಾರ್ಹ. ವೇದಾಂತ ಶಿರೋಮಣಿಗೆ ಜಾತ್ರೆಯ ಭಾಷೆ ತಿಳಿಯದು. ಅಲ್ಲಿ ದಾರಿ ತೋರಿಸಬಲ್ಲವನು ಪುಟ್ಟ.

ಚೋಮನ ದುಡಿ: ಮುಟ್ಟದ ಕೈ

‘ಚೋಮನ ದುಡಿ’ಯನ್ನು ನಾನು ಮೊದಲು ನೋಡಿದ್ದು ಎಂಬತ್ತರ ದಶಕದ ಕೊನೆಯಲ್ಲಿ. ಆಗ ದೂರದರ್ಶನ ಭಾನುವಾರ ಮಧ್ಯಾಹ್ನ ಭಾರತೀಯ ಭಾಷೆಗಳ ಪ್ರಶಸ್ತಿವಿಜೇತ ಚಿತ್ರಗಳನ್ನು ಪ್ರಸಾರ ಮಾಡುತ್ತಿತ್ತು. ನಮ್ಮ ಮನೆಯ ಕಪ್ಪುಬಿಳುಪು ಟೆಲಿವಿಷನ್ನನ್ನು ಅಂದು ಜಗಲಿಗೆ ತಂದಿಟ್ಟಿದ್ದರು. ಮನೆಯವರು, ನೆಂಟರು ಜಗಲಿಯಲ್ಲಿ ಕುಳಿತರು. ತೋಟದ ಕೆಲಸಕ್ಕೆ ಬರುತ್ತಿದ್ದವರು ಅಂಗಳದಲ್ಲಿ. ಹಾಗೆ ಕುಳಿತುಕೊಳ್ಳಿರೆಂದು ಯಾರೂ ಹೇಳಲಿಲ್ಲ, ಹೇಳುವ ಅಗತ್ಯವಿರಲಿಲ್ಲ. ಪರದೆಯ ಮೇಲೆ ಚೋಮ ಧಣಿಯ ಅಂಗಳದಲ್ಲಿ ನಿಂತು ಬೇಡಿಕೊಳ್ಳುತ್ತಿದ್ದಾಗ ನಮ್ಮ ಅಂಗಳದಲ್ಲಿ ಕುಳಿತವರ ಕಡೆ ನಾವ್ಯಾರೂ ತಿರುಗಿ ನೋಡಲಿಲ್ಲ. ಅವರಲ್ಲಿದ್ದ ಹಿರಿಯರೊಬ್ಬರು ಚಿತ್ರ ಮುಗಿಯುವ ಮೊದಲೇ ಎದ್ದು ಹೋದರು. ದನ ಕಟ್ಟಲು ಹೋದರೆಂದು ನಮ್ಮ ಮನೆಯವರು ಅಂದುಕೊಂಡರು. ಈ ಚಿತ್ರದ ಬಗ್ಗೆ ಬರೆಯುವಾಗ ನಾನು ಮರೆಮಾಚಬಾರದ ಸಂಗತಿಯಿದು.

ಶಿವರಾಮ ಕಾರಂತರ ಕಾದಂಬರಿ 1933ರಷ್ಟು ಹಳೆಯದು. ಬಂಟ್ವಾಳ ಸೀಮೆಯ ಬಾಬುಕೋಡಿಯಿಂದ ಹೊರಟು, ಗುಬ್ಬಿ ಕಂಪನಿಯಲ್ಲಿ ರಂಗಭೂಮಿಯ ಮೊದಲ ಪಾಠ ಕಲಿತ ಬಿ.ವಿ. ಕಾರಂತರು ಅದನ್ನು ಚಿತ್ರವಾಗಿಸಿದರು. ಸಂಗೀತವನ್ನೂ ತಾವೇ ನೀಡಿದರು. ಎಸ್. ರಾಮಚಂದ್ರ ಛಾಯಾಗ್ರಾಹಕರು. ಚೋಮನ ಪಾತ್ರಕ್ಕೆ ಎಂ.ವಿ. ವಾಸುದೇವ ರಾವ್ ಅವರಿಗೆ ಅತ್ಯುತ್ತಮ ನಟನೆಂಬ ರಾಷ್ಟ್ರಪ್ರಶಸ್ತಿ ಬಂದಿತು. ಅಸ್ಪೃಶ್ಯನಾದ ಜೀತದಾಳು ಚೋಮನಿಗೆ ಒಂದು ತುಂಡು ಭೂಮಿಯನ್ನು ತಾನೇ ಉಳಬೇಕೆಂಬ ಆಸೆ. ಕಾಡಿನಲ್ಲಿ ಸಿಕ್ಕಿದ ಎತ್ತುಗಳು ಅವನ ಬಳಿ ಇವೆ. ಭೂಮಿ ಮಾತ್ರ ಇಲ್ಲ. ಅವನ ಜಾತಿಯವರು ಬೇಸಾಯಗಾರರಾಗುವುದು ಕಟ್ಟಳೆಗೆ ವಿರುದ್ಧ. ಸಾಲ ತೀರಿಸಲು ಘಟ್ಟದ ಕಾಫಿತೋಟಕ್ಕೆ ಹೋದ ಮಕ್ಕಳಲ್ಲಿ ಒಬ್ಬ ಸಾಯುತ್ತಾನೆ, ಒಬ್ಬ ಕ್ರೈಸ್ತ ಹೆಣ್ಣನ್ನು ವರಿಸಿ ದೂರವಾಗುತ್ತಾನೆ. ಕಿರಿಯ ಮಗ ನೀಲ ಹೊಳೆಯಲ್ಲಿ ಮುಳುಗುವಾಗ ದಡದಲ್ಲಿದ್ದವರು ಮೈಲಿಗೆಗೆ ಅಂಜಿ ಕೈಚಾಚುವುದಿಲ್ಲ. ‘ಸಂಸ್ಕಾರ’ದಲ್ಲಿ ಸತ್ತವನನ್ನು ಮುಟ್ಟದಿದ್ದರೆ, ಇಲ್ಲಿ ಬದುಕಬಹುದಾಗಿದ್ದವನನ್ನೇ ಮುಟ್ಟಲಿಲ್ಲ.

ಈ ಚಿತ್ರ ಬಂದ ಕಾಲವನ್ನೂ ಲಕ್ಷಿಸಬೇಕು. ದೇವರಾಜ ಅರಸು ಅವರ ಸರ್ಕಾರದ ಭೂಸುಧಾರಣಾ ತಿದ್ದುಪಡಿ ಕಾಯಿದೆ 1974ರ ಮಾರ್ಚ್ 1ರಂದು ಜಾರಿಗೆ ಬಂದಿತ್ತು. ಜೀತಪದ್ಧತಿಯನ್ನು ರದ್ದುಪಡಿಸುವ ಸುಗ್ರೀವಾಜ್ಞೆ 1975ರ ಅಕ್ಟೋಬರಿನಲ್ಲಿ ಹೊರಟು, 1976ರಲ್ಲಿ ಕಾಯಿದೆಯಾಯಿತು. ನಲವತ್ತು ವರ್ಷ ಹಿಂದಿನ ಕಥೆ ಪರದೆಗೆ ಬರುವಾಗ ಅದರ ವಸ್ತು ಶಾಸನಸಭೆಯ ವಸ್ತುವೂ ಆಗಿತ್ತು. ಆದರೆ ಭೂಸುಧಾರಣೆಯಿಂದ ಭೂಮಿ ಸಿಕ್ಕಿದ್ದು ಮುಖ್ಯವಾಗಿ ಗೇಣಿದಾರರಿಗೆ. ಚೋಮ ಗೇಣಿದಾರನಲ್ಲ, ಗೇಣಿಗೆ ಪಡೆಯುವ ಯೋಗ್ಯತೆಯೂ ಅವನಿಗಿಲ್ಲವೆಂದು ಊರು ತೀರ್ಮಾನಿಸಿತ್ತು. ಉಳುವವನೇ ಹೊಲದೊಡೆಯನೆಂಬ ಘೋಷಣೆ ಉಳಲು ಬಿಡದವನನ್ನು ತಲುಪುವುದು ಹೇಗೆ ಎಂಬ ಪ್ರಶ್ನೆಯನ್ನು ಚಿತ್ರ ಬಾಯಿಬಿಟ್ಟು ಕೇಳುವುದಿಲ್ಲ. ಆದರೂ ನೋಡುವವರ ಮನಸ್ಸಿನಲ್ಲಿ ಅದು ಉಳಿಯುತ್ತದೆ.

ಮತಾಂತರವಾದರೆ ಭೂಮಿ ದೊರೆಯುತ್ತದೆಂಬ ದಾರಿಯೊಂದು ಚೋಮನ ಮುಂದಿದೆ. ಕಾದಂಬರಿಯಲ್ಲಿ ಅವನು ಆ ದಾರಿಯಲ್ಲಿ ಹೊರಟೂ ಪಂಜುರ್ಲಿಯ ನೆನಪಾಗಿ ಹಿಂದಿರುಗುತ್ತಾನೆ. ಪಂಜುರ್ಲಿ ಹಂದಿಯ ರೂಪದ ತುಳುನಾಡಿನ ದೈವ. ಭೂಮಿಯ ಆಸೆಗಿಂತ ಬಲವಾದದ್ದು ಈ ಒಂದು ನಂಟು. ತುಳುನಾಡಿನಲ್ಲಿ ದೈವ ಬರಿಯ ನಂಬಿಕೆಯಲ್ಲ; ನೆಲ, ಬೆಳೆ, ನ್ಯಾಯತೀರ್ಮಾನಗಳೊಡನೆ ಹೆಣೆದುಕೊಂಡ ವ್ಯವಸ್ಥೆ. 2022ರ ‘ಕಾಂತಾರ’ದಲ್ಲಿ ಇದೇ ಪಂಜುರ್ಲಿ ಪರದೆಯ ತುಂಬ ಆವರಿಸಿ, ಭೂಮಿಯ ಮಾತಿಗೆ ಸಾಕ್ಷಿಯಾಗಿ ನಿಂತದ್ದನ್ನೂ, ಅದರ ಅಭಿನಯಕ್ಕೆ ರಿಷಬ್ ಶೆಟ್ಟಿ ಅವರಿಗೆ ಅತ್ಯುತ್ತಮ ನಟನೆಂಬ ರಾಷ್ಟ್ರಪ್ರಶಸ್ತಿ ಬಂದದ್ದನ್ನೂ ನಾವು ಬಲ್ಲೆವು. ಅಲ್ಲಿ ದೈವ ಜನರಿಗೆ ಭೂಮಿಯನ್ನು ಉಳಿಸಿಕೊಡುತ್ತದೆ. ಚೋಮನಿಗೆ ದೈವ ಉಳಿಯಿತು, ಭೂಮಿ ಸಿಗಲಿಲ್ಲ. ಒಂದೇ ದೈವದ ಎರಡು ಚಿತ್ರಣಗಳ ನಡುವಿನ ಈ ಅಂತರವನ್ನು ಪ್ರತ್ಯೇಕವಾಗಿ ಅಧ್ಯಯನ ಮಾಡುವುದು ಅಗತ್ಯ.

ಇನ್ನು ದುಡಿಯ ವಿಚಾರ. ಇದು ನಡು ಸಣ್ಣದಾದ, ಎರಡೂ ಬದಿಗೆ ಚರ್ಮ ಬಿಗಿದ ಚಿಕ್ಕ ವಾದ್ಯ. ಕೊಡಗಿನಲ್ಲಿಯೂ ದುಡಿಯಿದೆ. ಅಲ್ಲಿ ಮದುವೆ, ಮರಣ, ಪುತ್ತರಿಗಳಲ್ಲಿ ದುಡಿ ಬಾರಿಸುತ್ತ ಮನೆತನದ ಹಿರಿಮೆಯನ್ನು ಹಾಡುತ್ತಾರೆ. ನಡಿಕೇರಿಯಂಡ ಚಿಣ್ಣಪ್ಪನವರು 1924ರಲ್ಲಿ ಹೊರತಂದ ‘ಪಟ್ಟೋಲೆ ಪಳಮೆ’ ಇಂತಹ ಹಾಡುಗಳ ಭಂಡಾರ. ಒಂದೇ ಹೆಸರಿನ ವಾದ್ಯ ಘಟ್ಟದ ಮೇಲೆ ಒಕ್ಕಲು ಮನೆಯ ಗೌರವದ ಗುರುತು, ಘಟ್ಟದ ಕೆಳಗೆ ಚೋಮನ ಗುಡಿಸಲಿನ ಏಕೈಕ ಸ್ವತ್ತು. ಕನ್ನಡದಲ್ಲಿ ‘ದುಡಿ’ ನಾಮಪದವೂ ಹೌದು, ಕ್ರಿಯಾಪದವೂ ಹೌದು. ಹಗಲೆಲ್ಲ ದುಡಿದವನು ರಾತ್ರಿ ದುಡಿ ಹಿಡಿಯುತ್ತಾನೆ. ಹಗಲಿನ ದುಡಿಮೆ ಧಣಿಗೆ ಸೇರಿದ್ದು, ರಾತ್ರಿಯ ದುಡಿ ಅವನದೇ.

ತುಳುವನಾಡಿದ ಮನುಷ್ಯ ಚಿತ್ರದಲ್ಲಿ ಕನ್ನಡವನ್ನಾಡುತ್ತಾನೆ, ಕಾದಂಬರಿಯಲ್ಲಿಯೂ ಹಾಗೆಯೇ. ಕನ್ನಡದ ಓದುಗನಿಗೂ ನೋಡುಗನಿಗೂ ಮಾಡಿಕೊಂಡ ಅನಿವಾರ್ಯ ಅನುವಾದವಿದು. ದುಡಿಯ ಸದ್ದು ಮಾತ್ರ ಅನುವಾದವಾಗಲಿಲ್ಲ. ಸಿಟ್ಟು, ಹಸಿವು, ಮಕ್ಕಳ ಮೇಲಿನ ಅಕ್ಕರೆ ಎಲ್ಲವೂ ಅದರ ಲಯದಲ್ಲಿ ಬರುತ್ತವೆ. ಈ ಚಿತ್ರದಲ್ಲಿ ಚೋಮನ ಸ್ವಂತ ಮಾತೆಂದು ಹೇಳಬಹುದಾದದ್ದು ದುಡಿಯೊಂದೇ. ಕಥೆಯ ಕೊನೆಯಲ್ಲಿ ಅವನು ನೇಗಿಲನ್ನು ಸುಟ್ಟು, ಎತ್ತುಗಳನ್ನು ಕಾಡಿಗಟ್ಟಿ, ಬಾಗಿಲು ಹಾಕಿಕೊಂಡು ಪ್ರಾಣ ಹೋಗುವವರೆಗೆ ದುಡಿ ಬಾರಿಸುತ್ತಾನೆ.

ಸಂಶೋಧನೆಯ ಕ್ಷೇತ್ರಕಾರ್ಯಕ್ಕಾಗಿ ಊರಿಗೆ ಮರಳಿದಾಗ, ಅಂದು ಚಿತ್ರದ ನಡುವೆ ಎದ್ದು ಹೋದ ಹಿರಿಯರನ್ನು ಕಂಡೆ. ಅವರ ಮನೆಯ ಅಟ್ಟದಲ್ಲಿ ಚರ್ಮ ಹರಿದ ದುಡಿಯಿತ್ತು. ಇಷ್ಟು ವರ್ಷ ನಮ್ಮ ತೋಟಕ್ಕೆ ಬಂದವರ ಮನೆಯಲ್ಲಿ ದುಡಿಯಿದ್ದುದು ನಮಗೆ ತಿಳಿದಿರಲಿಲ್ಲ, ನಾವು ಕೇಳಿರಲಿಲ್ಲ. ಚಿತ್ರದ ಪ್ರಸ್ತಾಪ ಬಂದಾಗ ಅವರು ಹೇಳಿದ್ದರ ಸಾರಾಂಶ ಇಷ್ಟು: ದುಡಿಯನ್ನು ಒಬ್ಬನೇ ಬಾಗಿಲು ಹಾಕಿಕೊಂಡು ಬಾರಿಸುವುದಿಲ್ಲ, ಕುಣಿಯುವವರು, ಪದ ಹೇಳುವವರು ಎದುರಿಗಿರಬೇಕು, ಆ ಮನುಷ್ಯ ಒಂಟಿಯಾಗಿ ಬಾರಿಸುತ್ತಾನೆಂದರೆ ಅವನ ಕಡೆಯವರು ಯಾರೂ ಉಳಿದಿಲ್ಲವೆಂದೇ ಅರ್ಥ, ಅದನ್ನು ನೋಡಲಾಗಲಿಲ್ಲ. ಈ ಕೃತಿಯ ಬಗ್ಗೆ ನಾನು ಓದಿದ ಯಾವ ವಿಮರ್ಶೆಯೂ ಕೊನೆಯ ದೃಶ್ಯವನ್ನು ನನಗೆ ಇಷ್ಟು ನಿಚ್ಚಳವಾಗಿ ತೆರೆದು ತೋರಿಸಿಲ್ಲ. ಸಮೂಹದ ವಾದ್ಯ ಒಂಟಿಯ ವಾದ್ಯವಾದದ್ದೇ ಚೋಮನ ದುರಂತ.

ಘಟಶ್ರಾದ್ಧ: ಬದುಕಿದ್ದವಳ ಸಾವು

ಗಿರೀಶ ಕಾಸರವಳ್ಳಿಯವರ ಮೊದಲ ಕಥಾಚಿತ್ರ ‘ಘಟಶ್ರಾದ್ಧ’ಕ್ಕೂ ಅನಂತಮೂರ್ತಿಯವರ ಕಥೆಯೇ ಆಧಾರ. ಸದಾನಂದ ಸುವರ್ಣ ನಿರ್ಮಾಪಕರು, ಎಸ್. ರಾಮಚಂದ್ರ ಅವರದೇ ಛಾಯಾಗ್ರಹಣ. ಬಿ.ವಿ. ಕಾರಂತರಿಗೆ ಸಂಗೀತ ನಿರ್ದೇಶನದ ರಾಷ್ಟ್ರಪ್ರಶಸ್ತಿಯೂ, ಬಾಲಕ ನಾಣಿಯ ಪಾತ್ರ ವಹಿಸಿದ ಅಜಿತ್‌ಕುಮಾರ್‌ಗೆ ಬಾಲನಟ ಪ್ರಶಸ್ತಿಯೂ ಸಂದವು. ವೇದಪಾಠಶಾಲೆ ನಡೆಸುವ ಉಡುಪರ ಮಗಳು, ಬಾಲವಿಧವೆ ಯಮುನಕ್ಕ ಗರ್ಭಿಣಿಯಾಗುತ್ತಾಳೆ. ಪಾಠಶಾಲೆಗೆ ಹೊಸದಾಗಿ ಬಂದ ನಾಣಿಗೆ ಅವಳೇ ತಾಯಿಯಂತೆ ಆಸರೆ. ಊರು ಪಿಸುಗುಟ್ಟುವುದು, ಬಾಗಿಲುಗಳು ಒಂದೊಂದಾಗಿ ಮುಚ್ಚುವುದು ಎಲ್ಲವನ್ನೂ ನಾವು ಆ ಮಗುವಿನ ಕಣ್ಣಿನಿಂದ ನೋಡುತ್ತೇವೆ. ಯಮುನಕ್ಕನಾಗಿ ಮೀನಾ ಕುಟ್ಟಪ್ಪ ಅವರ ಅಭಿನಯ ಸಂಯಮದ ಮಾದರಿ.

ಈ ಕ್ರಿಯೆಯ ಶಾಸ್ತ್ರಾಧಾರವನ್ನು ಮನುಸ್ಮೃತಿಯ ಹನ್ನೊಂದನೆಯ ಅಧ್ಯಾಯದಲ್ಲಿ ಕಾಣಬಹುದು. ಪತಿತನಾದವನಿಗೆ ಬಂಧುಗಳು ಊರ ಹೊರಗೆ, ಸಂಜೆಯಲ್ಲಿ, ಸತ್ತವನಿಗೆಂಬಂತೆ ನೀರು ಬಿಡಬೇಕು. ದಾಸಿಯೊಬ್ಬಳು ನೀರು ತುಂಬಿದ ಕೊಡವನ್ನು ಕಾಲಿನಿಂದ ಉರುಳಿಸಬೇಕು. ಅಲ್ಲಿಂದ ಮುಂದೆ ಅವನೊಡನೆ ಮಾತಿಲ್ಲ, ಪಂಕ್ತಿಯಿಲ್ಲ, ದಾಯಭಾಗವಿಲ್ಲ. ಆದರೆ ಅದೇ ಅಧ್ಯಾಯದಲ್ಲಿ ಮರಳುವ ದಾರಿಯೂ ಇದೆ. ಪ್ರಾಯಶ್ಚಿತ್ತ ಮುಗಿಸಿದವನೊಡನೆ ಬಂಧುಗಳು ಸ್ನಾನ ಮಾಡಿ, ನೀರು ತುಂಬಿದ ಹೊಸ ಕೊಡವನ್ನು ನೀರಿಗೆಸೆಯುತ್ತಾರೆ. ಪತಿತಳೆನಿಸಿದ ಹೆಣ್ಣಿಗೂ ಅನ್ನ, ಬಟ್ಟೆ, ಮನೆಯ ಸಮೀಪದಲ್ಲಿ ನೆಲೆ ಕೊಡಬೇಕೆಂದು ಹೇಳಿದೆ. ಚಿತ್ರದ ಅಗ್ರಹಾರ ಕೊಡ ಒಡೆಯುವ ಭಾಗವನ್ನು ಮಾತ್ರ ನೆನಪಿಟ್ಟುಕೊಂಡಿದೆ. ಲಿಖಿತ ಶಾಸ್ತ್ರಕ್ಕಿಂತ ರೂಢಿ ಮೃದುವಾಗಿರುತ್ತದೆಂದು ನಾವು ಜಾನಪದ ವಿದ್ವಾಂಸರು ಒಮ್ಮೊಮ್ಮೆ ಸುಲಭವಾಗಿ ನಂಬಿಬಿಡುತ್ತೇವೆ. ರೂಢಿ ಶಾಸ್ತ್ರಕ್ಕಿಂತ ಕ್ರೂರವೂ ಆಗಬಲ್ಲದೆಂಬುದಕ್ಕೆ ಈ ಚಿತ್ರ ಸಾಕ್ಷಿ.

ಕೊನೆಯಲ್ಲಿ ತಲೆ ಬೋಳಿಸಿದ ಯಮುನಕ್ಕ ಮರದಡಿಯಲ್ಲಿ ಒಬ್ಬಳೇ ಕುಳಿತಿದ್ದಾಳೆ. ತಂದೆಯೊಡನೆ ಊರಿಗೆ ಹೊರಟ ನಾಣಿ ಅವಳನ್ನು ನೋಡುತ್ತ ಸಾಗುತ್ತಾನೆ. ಇತ್ತ ಮುದುಕರಾದ ಉಡುಪರಿಗೆ ಎಳೆಯ ಹುಡುಗಿಯೊಡನೆ ಮರುಮದುವೆಯ ಮಾತು ನಡೆದಿದೆ. ‘ಸಂಸ್ಕಾರ’ದಲ್ಲಿ ಸತ್ತವನಿಗೆ ಕ್ರಿಯೆಯಿಲ್ಲ, ‘ಘಟಶ್ರಾದ್ಧ’ದಲ್ಲಿ ಬದುಕಿರುವವಳಿಗೆ ಕ್ರಿಯೆ. ಒಂದೇ ಲೇಖಕರ ಎರಡು ಕಥೆಗಳು ಒಂದೇ ಕಟ್ಟಳೆಯ ಎರಡು ಮುಖಗಳಂತಿವೆ. ಅಗ್ರಹಾರ ಮಾಡದೆ ಬಿಟ್ಟ ಕ್ರಿಯೆಯನ್ನು ‘ಸಂಸ್ಕಾರ’ದಲ್ಲಿ ಚಂದ್ರಿ ಪೂರೈಸಿದಳು. ಯಮುನಕ್ಕನಿಗೆ ಅಂತಹ ಚಂದ್ರಿ ದೊರೆಯಲಿಲ್ಲ. ಅವಳ ಪಾಲಿಗೆ ಇದ್ದದ್ದು ಒಂದು ಮಗುವಿನ ನೋಟ ಮಾತ್ರ.

ಉಪಸಂಹಾರ

ಈ ಮೂರು ಚಿತ್ರಗಳಿಗೆ ಮಿತಿಗಳಿಲ್ಲವೆಂದು ನಾನು ವಾದಿಸುವುದಿಲ್ಲ. ಎರಡು ಕಥೆಗಳು ಅಗ್ರಹಾರದ ಒಳಗಿನಿಂದ ಹೊರಗನ್ನು ನೋಡುತ್ತವೆ. ಮೂರನೆಯದು ಗುಡಿಸಲಿನ ಕಥೆಯಾದರೂ ಅದನ್ನು ಬರೆದವರು, ನಿರ್ದೇಶಿಸಿದವರು, ಅಭಿನಯಿಸಿದವರು ಗುಡಿಸಲಿನವರಲ್ಲ. ಎಪ್ಪತ್ತರ ದಶಕದಲ್ಲಿಯೇ ದಲಿತ ಚಳವಳಿ ರೂಪುಗೊಂಡು, ದೇವನೂರ ಮಹಾದೇವ ಅವರಂತಹ ಲೇಖಕರು ತಮ್ಮ ಲೋಕವನ್ನು ತಮ್ಮ ನುಡಿಯಲ್ಲಿಯೇ ಬರೆಯತೊಡಗಿದ್ದರು. ಆ ದನಿ ಅಂದಿನ ಸ್ವರ್ಣಕಮಲ ಚಿತ್ರಗಳಲ್ಲಿ ಕೇಳಿಸುವುದಿಲ್ಲ. ಪ್ರಶಸ್ತಿಗಳಲ್ಲಿ ಕಥೆಗೆ, ನಟನಿಗೆ, ಸಂಗೀತ ನಿರ್ದೇಶಕನಿಗೆ ವಿಭಾಗಗಳಿದ್ದವು. ದುಡಿಯ ಲಯವನ್ನು ತಲೆಮಾರುಗಳಿಂದ ಕಾಪಾಡಿಕೊಂಡು ಬಂದ ಸಮುದಾಯಕ್ಕೆ ವಿಭಾಗವಿರಲಿಲ್ಲ.

ಆದರೂ ಈ ಚಿತ್ರಗಳು ನಮಗೆ ಬೇಕು. ‘ಘಟಶ್ರಾದ್ಧ’ದ ಮೂಲ ನೆಗೆಟಿವ್ ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದಲ್ಲಿ ಉಳಿದಿದ್ದುದರಿಂದ ಫಿಲ್ಮ್ ಫೌಂಡೇಶನ್ನಿನ ವಿಶ್ವ ಸಿನಿಮಾ ಯೋಜನೆ ಮತ್ತು ಫಿಲ್ಮ್ ಹೆರಿಟೇಜ್ ಫೌಂಡೇಶನ್‌ಗಳು ಅದನ್ನು ಪುನರುಜ್ಜೀವನಗೊಳಿಸಿದವು. 2024ರ ವೆನಿಸ್ ಚಲನಚಿತ್ರೋತ್ಸವದ ಅಭಿಜಾತ ಚಿತ್ರಗಳ ವಿಭಾಗದಲ್ಲಿ ಅದು ಮತ್ತೆ ಪ್ರದರ್ಶಿತವಾಯಿತು. ಚಿತ್ರಸುರುಳಿಗೆ ದೊರೆತ ಈ ಆರೈಕೆ ಚಿತ್ರದೊಳಗಿನ ಲೋಕಕ್ಕೂ ದೊರೆಯಬೇಕು. ದುಡಿ ಬಾರಿಸುವವರು, ಪಾಡ್ದನ ಹೇಳುವವರು ಇಂದಿಗೂ ನಮ್ಮ ನಡುವೆ ಇದ್ದಾರೆ. ಅವರೊಡನೆ ಕುಳಿತು ಈ ಚಿತ್ರಗಳನ್ನು ನೋಡಿ, ಅವರು ಹೇಳುವುದನ್ನು ಅವರ ಹೆಸರಿನೊಂದಿಗೆ ದಾಖಲಿಸುವುದು ಅಕಾಡೆಮಿಗಳ, ವಿಶ್ವವಿದ್ಯಾಲಯಗಳ ಜಾನಪದ ವಿಭಾಗಗಳ ಕೆಲಸವಾಗಬೇಕು. ಅಂದು ಅಂಗಳದಲ್ಲಿ ಕುಳಿತವರು ನೋಡಿದ ‘ಚೋಮನ ದುಡಿ’ಯೂ ಜಗಲಿಯಲ್ಲಿ ಕುಳಿತ ನಾವು ನೋಡಿದ ‘ಚೋಮನ ದುಡಿ’ಯೂ ಬೇರೆಬೇರೆ. ನಾವು ನೋಡಿದ್ದರ ಚರಿತ್ರೆಯನ್ನು ಬರೆದಾಗಿದೆ. ಅವರು ನೋಡಿದ್ದರ ಚರಿತ್ರೆ ಇನ್ನು ಬರೆಯಬೇಕಾಗಿದೆ.